ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹೊತ್ತು ಮಾತ್ರ ಬೇರೆ ಬೇರೆ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಯಾವ ರಸ್ತೆಗೆ ಹೋದರೂ ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿರುವ ಮನೆ ಒಂದಾದರೂ ಸಿಗುತ್ತದೆ. ಮಂಡ್ಯದಲ್ಲೂ ಈಗ ಹಾಗೇ. ಮಗಳ ಬಾಣಂತನಕ್ಕೆ ಅಂತ ಅಮ್ಮ ಹೊರಡುತ್ತಾರೆ, ಜೊತೆಗೆ ಅಪ್ಪನೂ ಹೊರಡುತ್ತಾರೆ. ಅರವತ್ತು ದಾಟಿದ ಮೇಲೆ ಮೊದಲ ಸಲ ವಿಮಾನ ಹತ್ತುವವರೂ ಇರುತ್ತಾರೆ. ಅವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ದೂರ? ಎಷ್ಟು ಹೊತ್ತು ಕೂತಿರಬೇಕು?

ಪ್ರಶ್ನೆ ಸುಲಭ, ಉತ್ತರ ಗೋಜಲು. ನೇರ ವಿಮಾನ ಸಿಕ್ಕರೆ, ಟಿಕೆಟ್ ಪ್ರಕಾರ ಬೆಂಗಳೂರಿನಲ್ಲಿ ಮಧ್ಯಾಹ್ನ ಹೊರಟದ್ದು ಅದೇ ದಿನ ಸಂಜೆಗೆ ಅಮೆರಿಕದಲ್ಲಿ ಇಳಿಯುತ್ತದೆ. ಬರುವಾಗ ನೋಡಿದರೆ 9ನೇ ತಾರೀಕು ರಾತ್ರಿ ಹತ್ತಿ 11ನೇ ತಾರೀಕು ಬೆಳಗಿನ ಜಾವ ಇಳಿಯಬೇಕು. ಮೊಬೈಲಿನಲ್ಲಿ ದೂರ ಹುಡುಕಿದರೆ ಒಂದು ಕಡೆ ಒಂದು ಸಂಖ್ಯೆ, ಇನ್ನೊಂದು ಕಡೆ ಇನ್ನೊಂದು. ವಿಮಾನ ಎಲ್ಲಿದೆ ಅಂತ ಫೋನಿನಲ್ಲಿ ನೋಡುತ್ತಾ ಕೂತವರಿಗೆ ಅದು ಎತ್ತಲೋ ಸುತ್ತಿಕೊಂಡು ಹೋಗುತ್ತಿರುವ ಹಾಗೆ ಕಂಡು ಎದೆ ಧಸಕ್ಕೆನ್ನುತ್ತದೆ. ಗಾಬರಿಯಾಗುವಂಥದ್ದು ಇದರಲ್ಲಿ ಏನೂ ಇಲ್ಲ. ಎರಡು ಊರಿನ ನಡುವಿನ ದೂರ, ವಿಮಾನ ಹಿಡಿಯುವ ದಾರಿ, ಆಗುವ ಹೊತ್ತು, ಗಡಿಯಾರ ತೋರಿಸುವ ಹೊತ್ತು ಇವೆಲ್ಲ ಬೇರೆ ಬೇರೆ ಲೆಕ್ಕ. ನಾವು ಎಲ್ಲವನ್ನೂ ಒಂದೇ ಗಂಟು ಕಟ್ಟುವುದರಿಂದ ಗೊಂದಲ ಶುರುವಾಗುತ್ತದೆ.

ಮೊದಲು ದೂರ. ಶಾಲೆಯಲ್ಲಿರುವ ಗ್ಲೋಬ್ ಸಿಕ್ಕರೆ ಒಂದು ದಾರ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೆ, ಅಂದರೆ ಜಪಾನ್ ಕಡೆಗೆ ಹೋಗುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಾಗುವುದಿಲ್ಲ. ಅದು ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಡುತ್ತದೆ. ನೇರ ಉತ್ತರದಿಂದ ಪೂರ್ವಕ್ಕೆ ಇಪ್ಪತ್ತು ಡಿಗ್ರಿಯಷ್ಟು ಮಾತ್ರ ವಾಲಿರುತ್ತದೆ. ನೇಪಾಳದ ಹಿಮಾಲಯ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ಹೀಗೆ ಏರುತ್ತಾ ಹೋಗಿ 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಆರ್ಕ್ಟಿಕ್ ಸಾಗರದ ಅಂಚು ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕಾ ಮೇಲೆ ಇಳಿಯುತ್ತಾ ಅಮೆರಿಕದ ಪಶ್ಚಿಮ ಕರಾವಳಿಗೆ ಬರುತ್ತದೆ. ಆ ದಾರದ ಉದ್ದವೇ ಎರಡು ವಿಮಾನ ನಿಲ್ದಾಣಗಳ ನಡುವಿನ ನಿಜವಾದ ದೂರ, ಸುಮಾರು 14,000 ಕಿ.ಮೀ.

ಈಗ ಗೋಡೆಗೆ ನೇತುಹಾಕಿದ ಭೂಪಟದ ಮೇಲೆ ಅದೇ ಎರಡು ಊರಿಗೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಆ ಗೆರೆ ಪೂರ್ವಕ್ಕೇ ಹೋಗುತ್ತದೆ. ಆಗ್ನೇಯ ಏಷ್ಯಾ, ಪೆಸಿಫಿಕ್ ಸಾಗರ, ಆಮೇಲೆ ಅಮೆರಿಕ. ನೋಡಲು ನೆಟ್ಟಗಿದೆ. ಆದರೆ ದಿಕ್ಕು ಬದಲಿಸದೆ ಆ ಗೆರೆಯ ಮೇಲೇ ಹಾರಿದರೆ 16,100 ಕಿ.ಮೀ. ಆಗುತ್ತದೆ. ಅಂದರೆ ನೆಟ್ಟಗೆ ಕಾಣುವ ದಾರಿ ಎರಡು ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಸುತ್ತು.

ಯಾಕೆ ಹೀಗೆ? ಗುಂಡಗಿರುವ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಎಲ್ಲೋ ಒಂದು ಕಡೆ ಹಿಗ್ಗಿಸಲೇಬೇಕು. ಸಾಮಾನ್ಯ ಭೂಪಟದಲ್ಲಿ ಉತ್ತರದ ಭಾಗ ಹಿಗ್ಗಿರುತ್ತದೆ. ಒಂದು ಡಿಗ್ರಿ ರೇಖಾಂಶ ಅಂದರೆ ಭೂಮಧ್ಯ ರೇಖೆಯಲ್ಲಿ 111 ಕಿ.ಮೀ. ನಮ್ಮ ಮೈಸೂರಿನ ಅಕ್ಷಾಂಶದಲ್ಲಿ ಅದು 109 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ 88. ಅರವತ್ತು ಡಿಗ್ರಿ ಉತ್ತರಕ್ಕೆ ಹೋದರೆ ಅರ್ಧಕ್ಕೆ ಅರ್ಧ, ಬರೀ 55 ಚಿಲ್ಲರೆ. ಪೂರ್ವ-ಪಶ್ಚಿಮ ತುಂಬಾ ದೂರ ಹೋಗಬೇಕಾದವರು ಉತ್ತರಕ್ಕೆ ಏರಿದರೆ ಲಾಭ, ಯಾಕೆಂದರೆ ಅಲ್ಲಿ ಡಿಗ್ರಿಗಳು ಬೇಗ ಬೇಗ ಮುಗಿಯುತ್ತವೆ. ವಿಮಾನ ಕಮಾನಿನ ಹಾಗೆ ಬಾಗಿ ಹೋಗುವುದು ನಕಾಶೆಯ ಮೇಲೆ ಮಾತ್ರ. ಭೂಮಿಯ ಮೇಲೆ ಅದೇ ನೆಟ್ಟಗಿನ ದಾರಿ. ಇದನ್ನು ಮಹಾವೃತ್ತದ ದಾರಿ ಅನ್ನುತ್ತಾರೆ.

ಭೂಮಿಯ ಈ ಉಬ್ಬನ್ನು ಅಳೆಯುವ ಕೆಲಸಕ್ಕೂ ನಮ್ಮ ಸೀಮೆಗೂ ಹಳೆಯ ನಂಟಿದೆ. 1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಬ್ರಿಟಿಷ್ ಸೇನೆಯ ಜೊತೆ ಬಂದಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯಿಂದ ಶುರು ಮಾಡಿ ಇಡೀ ಪರ್ಯಾಯ ದ್ವೀಪವನ್ನು ತ್ರಿಕೋನಗಳ ಲೆಕ್ಕದಲ್ಲಿ ಅಳೆಯೋಣ ಎಂದು ಮೇಲಿನವರ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರ ರೇಖೆಯನ್ನು ಅಳೆದ. ಆಮೇಲೆ 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆ ಶುರುವಾಯಿತು. ಊರು-ಕೆರೆಗಳ ನಕ್ಷೆ ಬರೆಯುವುದಷ್ಟೇ ಅವನ ಆಸೆಯಾಗಿರಲಿಲ್ಲ. ಒಂದು ಡಿಗ್ರಿ ಅಕ್ಷಾಂಶ ನೆಲದ ಮೇಲೆ ನಿಜಕ್ಕೂ ಎಷ್ಟು ಉದ್ದ, ಭೂಮಿ ಎಷ್ಟು ಗುಂಡಗಿದೆ, ಎಲ್ಲಿ ಚಪ್ಪಟೆ ಅನ್ನುವುದು ಅವನಿಗೆ ಬೇಕಿತ್ತು. ಇವತ್ತು ಫೋನಿನಲ್ಲಿ ಒತ್ತಿದ ಕೂಡಲೇ ಬರುವ ಕಿಲೋಮೀಟರಿನ ಹಿಂದೆ ಅಂಥವರು ಸರಪಳಿ ಎಳೆದು ಅಳೆದ ವರ್ಷಗಳಿವೆ. ನನಗೆ ಇದು ಬಹಳ ಹೆಮ್ಮೆಯ ವಿಷಯ ಅನ್ನಿಸುತ್ತದೆ, ಅಳತೆಯಲ್ಲಿ ಅವನ ಜೊತೆ ದುಡಿದ ಹೆಸರಿಲ್ಲದ ನಮ್ಮ ಜನರನ್ನು ನೆನೆದರೆ ಇನ್ನೂ ಜಾಸ್ತಿ.

ಭೂಮಿ ಪೂರ್ತಿ ಗುಂಡಗಿಲ್ಲ. ಮಧ್ಯದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357. ಕೆಲವು ವೆಬ್‌ಸೈಟ್‌ಗಳು ಸುಮ್ನೆ 6,371 ಅಂತ ಸರಾಸರಿ ಹಿಡಿದು ಲೆಕ್ಕ ಹಾಕುತ್ತವೆ, ಕೆಲವು ನಿಜವಾದ ಆಕಾರವನ್ನೇ ಹಿಡಿಯುತ್ತವೆ. ಕೆಲವು ನಿಲ್ದಾಣದಿಂದ ನಿಲ್ದಾಣಕ್ಕೆ, ಕೆಲವು ಊರಿನ ನಡುವಿನಿಂದ ನಡುವಿಗೆ. ಸಂಖ್ಯೆಗಳು ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಆಗುವುದು ಇದರಿಂದಲೇ. ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ. ಎಲ್ಲಾದರೂ 7,550 ಅಂತ ಕಂಡರೆ ಅದು ನಾಟಿಕಲ್ ಮೈಲಿ, ಪೈಲಟ್‌ಗಳು ಬಳಸುವ ಅಳತೆ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್.

ದೂರ ಗೊತ್ತಾಯಿತು. ಆದರೆ ವಿಮಾನ ಆ ದಾರದ ಮೇಲೇ ಹಾರುವುದಿಲ್ಲ.

ಮೊದಲ ಅಡ್ಡಿ ಹಿಮಾಲಯ ಮತ್ತು ಟಿಬೆಟ್. ಹತ್ತು-ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೆ ಬೆಟ್ಟ ತಾಗುವುದಿಲ್ಲ ನಿಜ. ತೊಂದರೆ ಬೇರೆ. ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಇಳಿದುಬಿಟ್ಟರೆ ಮೇಲಿನಿಂದ ಆಮ್ಲಜನಕದ ಮಾಸ್ಕ್ ಕೆಳಗೆ ಬೀಳುತ್ತದೆ. ಪ್ರಯಾಣಿಕರ ಮಾಸ್ಕ್ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು ನಡೆಯುತ್ತದೆ. ಅಷ್ಟರೊಳಗೆ ಪೈಲಟ್ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಸಬೇಕು, ಅಲ್ಲಿ ಹಾಗೇ ಉಸಿರಾಡಬಹುದು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಮೇಲಿದೆ! ಇಳಿಯುವುದು ಎಲ್ಲಿಗೆ? ಹಾಗಾಗಿ ಸಾಮಾನ್ಯವಾಗಿ ಆ ಕಡೆ ಸುತ್ತುಹಾಕಿ ಹೋಗುತ್ತಾರೆ.

ಎರಡನೆಯದು ದೇಶಗಳ ನಡುವಿನ ಜಗಳ. ನೆಲದ ಗಡಿಯ ಹಾಗೆ ಆಕಾಶಕ್ಕೂ ಗಡಿ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪ್ ಮತ್ತು ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ದಾರಿ ಹದಿಮೂರು ಗಂಟೆಯ ಹತ್ತಿರ ಬಂತು. ಊರುಗಳು ಒಂದಿಂಚೂ ಅಲುಗಾಡಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ಕಂಪನಿಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೊರಟ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು.

ಮೂರನೆಯದು ಸುರಕ್ಷತೆಯ ನಿಯಮ. ಎರಡು ಎಂಜಿನ್‌ನ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ, ಇನ್ನೊಂದರ ಬಲದಲ್ಲೇ ನಿಗದಿತ ಹೊತ್ತಿನೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು. ದಾರಿ ಹಾಕುವಾಗಲೇ ಇಂಥ ಬದಲಿ ನಿಲ್ದಾಣಗಳನ್ನು ಗುರುತಿಸಿಕೊಂಡಿರುತ್ತಾರೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗಡಾನ್ ಎಂಬ ಊರಿನಲ್ಲಿ ಇಳಿಯಿತು. ಪ್ರಯಾಣಿಕರು ಇನ್ನೊಂದು ವಿಮಾನ ಬರುವ ತನಕ ಅಲ್ಲೇ ಉಳಿಯಬೇಕಾಯಿತು, ಪಾಪ, ಬಹಳ ಕಷ್ಟಪಟ್ಟರು. ಆದರೆ ಎಲ್ಲರೂ ಸುರಕ್ಷಿತವಾಗಿ ನೆಲ ಮುಟ್ಟಿದರು. ಆ ನಿಯಮ ಇರುವುದೇ ಅದಕ್ಕೆ.

ಇನ್ನು ಗಾಳಿ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

2016ರ ಅಕ್ಟೋಬರ್‌ವರೆಗೆ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ಏರ್ ಇಂಡಿಯಾ ವಿಮಾನ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. ಆ ತಿಂಗಳು ಅದು ಪೆಸಿಫಿಕ್ ಕಡೆಯ ದಾರಿ ಹಿಡಿಯಿತು. ದೂರ ಸುಮಾರು 15,300 ಕಿ.ಮೀ. ಆಯಿತು, ಅಂದರೆ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲೇ ಮುಟ್ಟಿತು, ಹಳೆಯ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಬೇಗ. ದೂರ ಜಾಸ್ತಿ, ಹೊತ್ತು ಕಡಿಮೆ!

ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯಲ್ಲಿ ಹರಿಗೋಲು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಸೆಳೆತದ ಜೊತೆ ಹೋದರೆ ಹುಟ್ಟು ಹಾಕುವ ಕೆಲಸವೇ ಇಲ್ಲ, ಎದುರು ಹೋದರೆ ತೋಳು ಸೋಲುತ್ತದೆ. ಮೇಲೆ ಆಕಾಶದಲ್ಲೂ ಅಂಥ ಹರಿವಿದೆ. ನೆಲದಿಂದ ಒಂಬತ್ತು-ಹನ್ನೆರಡು ಕಿ.ಮೀ. ಮೇಲೆ, ಅಂದರೆ ದೊಡ್ಡ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತಿರುತ್ತದೆ. ಇದೇ ಜೆಟ್ ಸ್ಟ್ರೀಮ್. ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಕಂಡುಕೊಂಡ. ಜಗತ್ತಿಗೆಲ್ಲ ತಿಳಿಯಲಿ ಅಂತ 1926ರಲ್ಲಿ, ಎಲ್ಲ ದೇಶದವರಿಗೂ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ವರದಿ ಬರೆದ. ಆ ಭಾಷೆ ಓದುವವರು ಕಡಿಮೆ, ಹಾಗಾಗಿ ಅಷ್ಟು ದೊಡ್ಡ ವಿಷಯ ಬಹಳ ಕಾಲ ಹೊರಗಿನವರ ಕಣ್ಣಿಗೆ ಬೀಳಲೇ ಇಲ್ಲ.

ಚಳಿಗಾಲದಲ್ಲಿ ಈ ಗಾಳಿಯ ಜೋರು ಹೆಚ್ಚು. 2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಟ ಬ್ರಿಟಿಷ್ ಏರ್‌ವೇಸ್‌ನ ಜಂಬೊ ವಿಮಾನ ಬಿರುಗಾಳಿಯ ಬೆನ್ನೇರಿ 4 ಗಂಟೆ 56 ನಿಮಿಷಕ್ಕೆ ಇಳಿದುಬಿಟ್ಟಿತು. ಆ ದಾರಿಗೆ ಸಾಮಾನ್ಯವಾಗಿ ಆರು ಗಂಟೆಗಿಂತ ಜಾಸ್ತಿಯೇ ಬೇಕು.

ನಮ್ಮ ತಲೆಯ ಮೇಲೆ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ, ಇನ್ನೂ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿ ಬೀಸುತ್ತದೆ. ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ವಿವರಿಸಿ ಜಗತ್ತಿಗೆ ತೋರಿಸಿದರು. ಕೆಳಗೆ ಮಡಿಕೇರಿ ಕಡೆಯಿಂದ ಮೋಡ ಪೂರ್ವಕ್ಕೆ ಓಡುತ್ತಿರುವಾಗಲೇ ಮೇಲೆ ಗಾಳಿ ಪಶ್ಚಿಮಕ್ಕೆ ಓಡುತ್ತಿರುತ್ತದೆ. ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಒಮ್ಮೆ ಮೋಡಗಳನ್ನು ನೋಡಿ, ಇದು ನೆನಪಾದೀತು.

ಈಗ ಒಂದು ಚಿಕ್ಕ ಲೆಕ್ಕ. ದೂರ 14,000 ಕಿ.ಮೀ., ವಿಮಾನದ ವೇಗ ಗಂಟೆಗೆ 900. ಗಾಳಿಯೇ ಇಲ್ಲದಿದ್ದರೆ ಹದಿನೈದೂವರೆ ಗಂಟೆ. ಗಂಟೆಗೆ 100 ಕಿ.ಮೀ. ಗಾಳಿ ಬೆನ್ನಿಗೆ ಬೀಸಿದರೆ ವೇಗ ಸಾವಿರ, ಹದಿನಾಲ್ಕೇ ಗಂಟೆ. ಅದೇ ಗಾಳಿ ಎದುರಾದರೆ ವೇಗ 800, ಹದಿನೇಳೂವರೆ ಗಂಟೆ. ಹೋಗುವಾಗ ಗಾಳಿ ಕೊಟ್ಟದ್ದು ಒಂದೂವರೆ ಗಂಟೆ, ಬರುವಾಗ ಕಿತ್ತುಕೊಂಡದ್ದು ಎರಡು ಗಂಟೆ. ಎರಡೂ ಸಮ ಆಗುವುದಿಲ್ಲ, ಗಮನಿಸಿ. ಎದುರು ಗಾಳಿಯಲ್ಲಿ ವಿಮಾನ ನಿಧಾನ, ಹಾಗಾಗಿ ಆ ಗಾಳಿಯ ಕೈಯಲ್ಲಿ ಜಾಸ್ತಿ ಹೊತ್ತು ಸಿಕ್ಕಿಕೊಂಡಿರುತ್ತದೆ. ಪ್ರತಿ ಹಾರಾಟಕ್ಕೂ ಮುಂಚೆ ಆ ದಿನದ ಗಾಳಿ ನೋಡಿ ದಾರಿ ಹಾಕುವುದಕ್ಕೆ ಅಂತಲೇ ಜನ ಇರುತ್ತಾರೆ. ನಿನ್ನೆ ಹೋದ ದಾರಿಯೇ ಇವತ್ತೂ ಆಗಬೇಕು ಅಂತೇನಿಲ್ಲ. ಫೋನಿನಲ್ಲಿ ವಿಮಾನ ನೋಡುತ್ತಾ ಕೂರುವವರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಆತಂಕ ಇಳಿಯುತ್ತದೆ.

ಟಿಕೆಟ್‌ನಲ್ಲಿ ಬರೆದಿರುವ ಹೊತ್ತು ಹಾರಾಟದ್ದು ಮಾತ್ರ ಅಲ್ಲ. ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಆಚೆ ಕಡೆ ಬಂದು ನಿಲ್ಲುವ ತನಕ ಎಣಿಸುತ್ತಾರೆ. ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಿಂದ ಚೆನ್ನೈಗೆ ಆಕಾಶದಲ್ಲಿ 390 ಕಿ.ಮೀ. ಅಷ್ಟೇ. ಇಲ್ಲಿ ಓಡಾಡುವ ಎಟಿಆರ್ ಎಂಬ ಚಿಕ್ಕ ವಿಮಾನದ ವೇಗ ಗಂಟೆಗೆ 500ರ ಆಸುಪಾಸು. ಮುಕ್ಕಾಲು ಗಂಟೆ ಸಾಕು ಅನ್ನಿಸುತ್ತದೆ, ಟಿಕೆಟ್ ಮಾತ್ರ ಒಂದು ಗಂಟೆಗಿಂತ ಜಾಸ್ತಿ ತೋರಿಸುತ್ತದೆ. ಏರುವುದು, ಇಳಿಯುವುದು, ರನ್‌ವೇ ತನಕ ಹೋಗುವುದು, ಸರದಿಗೆ ಕಾಯುವುದು ಎಲ್ಲ ಸೇರುತ್ತದೆ.

ಇನ್ನು ಗಡಿಯಾರ. ಭಾರತಕ್ಕೂ ಸ್ಯಾನ್ ಫ್ರಾನ್ಸಿಸ್ಕೊಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ, ನಾವು ಮುಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದರಿಂದ ಹನ್ನೆರಡೂವರೆ. ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ 6.30. ಅಲ್ಲಿಯ ಗಡಿಯಾರದಲ್ಲಿ ಹೊರಟ ದಿನವೇ ಸಂಜೆ 5.00. ಟಿಕೆಟ್ ನೋಡಿದವರಿಗೆ ಎರಡೂವರೆ ಗಂಟೆಯ ಪ್ರಯಾಣ! ಬರುವಾಗ ಅಲ್ಲಿಂದ ರಾತ್ರಿ 8.30ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಇಳಿಯುವಾಗ ಎರಡು ತಾರೀಕು ದಾಟಿ ಬೆಳಗಿನ ಜಾವ 3.30. ಟಿಕೆಟ್ ಪ್ರಕಾರ ಮೂವತ್ತೊಂದು ಗಂಟೆ.

ಈ ದಾರಿಯ ಮೊದಲ ನೇರ ವಿಮಾನದ ಕತೆಯೂ ಹೀಗೇ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಹಾರಿದ್ದು ಹದಿನೇಳು ಗಂಟೆ ಆಸುಪಾಸು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್.

ಸಮಯದ ಅಂತರ ನೆನಪಿಲ್ಲದಿದ್ದರೂ ಹಾರಾಟದ ಹೊತ್ತು ಕಂಡುಹಿಡಿಯಲು ಒಂದು ಉಪಾಯವಿದೆ. ಹೋಗುವ ಟಿಕೆಟ್‌ನ ಗಡಿಯಾರದ ವ್ಯತ್ಯಾಸ, ಬರುವ ಟಿಕೆಟ್‌ನ ವ್ಯತ್ಯಾಸ ಎರಡನ್ನೂ ಕೂಡಿ ಅರ್ಧ ಮಾಡಿ. ಮೇಲಿನ ಉದಾಹರಣೆಯಲ್ಲಿ ಎರಡೂವರೆ, ಮೂವತ್ತೊಂದು ಕೂಡಿದರೆ ಮೂವತ್ತಮೂರೂವರೆ. ಅರ್ಧ ಮಾಡಿದರೆ ಹದಿನಾರೂ ಮುಕ್ಕಾಲು. ಒಂದು ಕಡೆಯ ಪ್ರಯಾಣದ ಸರಾಸರಿ ಅದೇ. ಒಂದು ಕಡೆ ಕಳೆದ ಅಂತರ ಇನ್ನೊಂದು ಕಡೆ ಕೂಡುತ್ತದೆ, ಹಾಗಾಗಿ ಎರಡೂ ವಜಾ ಆಗಿಬಿಡುತ್ತವೆ.

ಇದು ಬರೀ ಲೆಕ್ಕದ ಮಾತಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಬಿಪಿ ಮಾತ್ರೆ ನುಂಗುವ ಅಮ್ಮ ಹೊರಡುವ ದಿನವೂ ಎಂಟಕ್ಕೇ ನುಂಗಿರುತ್ತಾರೆ. ಇಪ್ಪತ್ನಾಲ್ಕು ಗಂಟೆ ತುಂಬುವಾಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ತಾರೀಕಿನ ಸಂಜೆ 6.30. ಇಳಿದು ಒಂದೂವರೆ ಗಂಟೆ ಅಷ್ಟೇ ಆಗಿರುತ್ತದೆ, ಇಮಿಗ್ರೇಷನ್ ಸಾಲಿನಲ್ಲೋ ಮಗಳ ಕಾರಿನಲ್ಲೋ ಇರುತ್ತಾರೆ. ಗೋಡೆಯ ಗಡಿಯಾರ, ತಾರೀಕು ನೋಡಿದರೆ ‘ಇವತ್ತಿನ ಮಾತ್ರೆ ಆಯ್ತಲ್ಲ’ ಅನ್ನಿಸುತ್ತದೆ. ಇನ್ಸುಲಿನ್ ತಗೊಳ್ಳುವವರಿಗೆ ಇದು ಇನ್ನೂ ಸೂಕ್ಷ್ಮ. ಹೊರಡುವ ಮುಂಚೆ ಡಾಕ್ಟರ ಹತ್ತಿರ ಹೋಗಿ, ಗಡಿಯಾರದ ಹೊತ್ತು ಬಿಟ್ಟು, ಎಷ್ಟು ಗಂಟೆಗೊಮ್ಮೆ ಅಂತ ಕೇಳಿ ಬರೆಸಿಕೊಳ್ಳಿ. ಕೈಗಡಿಯಾರ ಒಂದಿದ್ದರೆ ಇಳಿಯುವ ತನಕ ಅದನ್ನು ನಮ್ಮ ಹೊತ್ತಿನಲ್ಲೇ ಬಿಡಿ, ಮಾತ್ರೆಯ ಡಬ್ಬಿ ಕೈಚೀಲದಲ್ಲೇ ಇರಲಿ.

ಮೈಸೂರಿನವರ ಪ್ರಯಾಣ ದೇವನಹಳ್ಳಿಯಲ್ಲಿ ಶುರುವಾಗುವುದಿಲ್ಲ, ಮನೆ ಬಾಗಿಲಲ್ಲೇ ಶುರು. ಮಂಡಕಳ್ಳಿಯ ರನ್‌ವೇ 1,740 ಮೀಟರ್, ದೇವನಹಳ್ಳಿಯವು ನಾಲ್ಕು ಸಾವಿರ. ಸಾಗರ ದಾಟುವಷ್ಟು ಇಂಧನ ತುಂಬಿದ ವಿಮಾನ ಮೇಲೇಳಬೇಕಾದರೆ ಉದ್ದ ಓಟ ಬೇಕು. ನಾವು ಸಮುದ್ರ ಮಟ್ಟಕ್ಕಿಂತ ಏಳುನೂರು ಮೀಟರಿಗೂ ಮೇಲಿರುವುದರಿಂದ ಗಾಳಿ ತೆಳು, ಓಟ ಇನ್ನೂ ಸ್ವಲ್ಪ ಉದ್ದವೇ ಬೇಕು. ಹಾಗಾಗಿ ದೇವನಹಳ್ಳಿಗೇ ಹೋಗಬೇಕು. ಮಂಡಕಳ್ಳಿಯಿಂದ ಅಲ್ಲಿಗೆ ಕಾಗೆ ಹಾರಿದ ಹಾಗೆ ಸುಮಾರು 157 ಕಿ.ಮೀ., ರಸ್ತೆಯಲ್ಲಿ 180 ದಾಟುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಂದ ಮೇಲೆ ಮಂಡ್ಯ, ಮದ್ದೂರು ದಾಟುವುದು ಸಲೀಸು. ಕೆಂಗೇರಿಯಿಂದಾಚೆ ಮಾತ್ರ ಹೇಳುವ ಹಾಗಿಲ್ಲ. ಫ್ಲೈಬಸ್ಸಾಗಲಿ ಕಾರಾಗಲಿ, ನಾಲ್ಕು ಗಂಟೆಗಿಂತ ಕಡಿಮೆ ಹಿಡಿಯಬೇಡಿ. ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕು. ನೇರ ವಿಮಾನ ಸಿಕ್ಕರೆ ಹಾರಾಟ ಹದಿನಾರು, ಇಳಿದು ಹೊರಬರಲು ಒಂದೂವರೆಯೋ ಎರಡೋ. ಎಲ್ಲ ಸೇರಿ ಒಂದು ದಿನ ತುಂಬಿ ಮೇಲೊಂದು ಗಂಟೆ. ನಡುವೆ ದುಬೈಯಲ್ಲೋ ಸಿಂಗಪುರದಲ್ಲೋ ವಿಮಾನ ಬದಲಿಸುವುದಿದ್ದರೆ ಕಾಯುವ ಹೊತ್ತನ್ನೂ ಸೇರಿಸಿ. ಮೊಣಕಾಲು ನೋವಿನವರಿಗೆ ಆ ಕಾಯುವಿಕೆ ಒಮ್ಮೊಮ್ಮೆ ವರವೇ, ನಾಲ್ಕು ಹೆಜ್ಜೆ ಓಡಾಡಬಹುದು.

ಟಿಕೆಟ್ ತೆಗೆಯುವಾಗ ತಾರೀಕನ್ನೂ ನೋಡಿ. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್‌ನಲ್ಲಿ ಹೋಗಿ ಡಿಸೆಂಬರ್‌ನಲ್ಲಿ ಬರುವವರು ಮೇಲೆ ಹೇಳಿದ ಉಪಾಯದಲ್ಲಿ ಬಂದ ಉತ್ತರದಿಂದ ಅರ್ಧ ಗಂಟೆ ಕಳೆಯಬೇಕು. ಅಲ್ಲಿರುವ ಮಗಳಿಗೆ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವ ಅಭ್ಯಾಸವಿದ್ದರೆ, ನವೆಂಬರ್ ಆದ ಮೇಲೆ ಹತ್ತಕ್ಕೆ ಮಾಡಿ. ಒಂಬತ್ತಕ್ಕೇ ಮಾಡಿದರೆ ಅಲ್ಲಿ ಇನ್ನೂ ಏಳೂವರೆ, ಎಂಟೂವರೆ ಆಗಿರುವುದಿಲ್ಲ.